ಮರ ಅಳೆಯಲು ಎಲ್ಲಿ ನಿಲ್ಲಬೇಕು?

(ಉಡುಪಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಶಿಕ್ಷಕರು, ತೋಟದವರು ಮತ್ತು ಕಾಲೇಜು ಮಕ್ಕಳ ಎದುರು ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಮಧ್ಯೆ ಬಂದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ನಮ್ಮ ಮಾವನ ದೋಟಿಯ ಕತೆ ಹೇಳಿಬಿಡುತ್ತೇನೆ.

ಕಾರ್ಕಳದ ಹತ್ತಿರ ಅವರದ್ದೊಂದು ಸಣ್ಣ ಅಡಿಕೆ ತೋಟ. ಮರ ಹತ್ತುವವರು ಈಗ ಎಲ್ಲಿ ಸಿಗುತ್ತಾರೆ? ಮದ್ದು ಬಿಡುವುದಕ್ಕೆ, ಗೊನೆ ತೆಗೆಯುವುದಕ್ಕೆ ಒಂದು ಕಾರ್ಬನ್ ಫೈಬರ್ ದೋಟಿ ತರುವ ಅಂತ ಹೊರಟರು. ದೋಟಿ ಉದ್ದವಾದಷ್ಟೂ ರೇಟು ಜಾಸ್ತಿ, ಭಾರವೂ ಜಾಸ್ತಿ. ಎಷ್ಟು ಅಡಿಯದ್ದು ಬೇಕು ಅಂತ ಅಂಗಡಿಯವರು ಕೇಳಿದರು. ಮಾವ ಮರದ ಬುಡದಲ್ಲಿ ನಿಂತು, ಕುತ್ತಿಗೆ ಎತ್ತಿ ನೋಡಿ, "ಐವತ್ತು ಧಾರಾಳ ಸಾಕು ಮಾರಾಯ" ಅಂದರು. ತಂದು ಎತ್ತಿ ನೋಡಿದರೆ ತೋಟದ ಅರ್ಧ ಮರಗಳಿಗೆ ಅದು ಮುಟ್ಟುವುದೇ ಇಲ್ಲ.

ಅಂಗಡಿಯವರದ್ದು ತಪ್ಪಿಲ್ಲ, ದೋಟಿಯದ್ದೂ ತಪ್ಪಿಲ್ಲ. ಮಾವ ನಿಂತ ಜಾಗ ತಪ್ಪು. ಬುಡದಲ್ಲಿ ನಿಂತು ನೋಡಿದರೆ ಮರದ ಉದ್ದವೆಲ್ಲ ಒಂದರ ಮೇಲೊಂದು ಮಡಚಿದ ಹಾಗೆ ಕಾಣುತ್ತದೆ. ಮೇಲಿನ 10 ಅಡಿ ಕಣ್ಣಿಗೆ 2 ಅಡಿಯ ಹಾಗೆ ಇರುತ್ತದೆ. ಇವತ್ತು ನಾನು ಹೇಳುವ ಸಾಧನಗಳು ಒಂದು ಕಡ್ಡಿ, ಒಂದು ಕಾರ್ಡು, ಒಂದು ಚೂರು ಗಾಜು, ಅಷ್ಟೇ. ಆದರೆ ಪ್ರತಿಯೊಂದರಲ್ಲೂ ನೀವು ಎಲ್ಲಿ ನಿಲ್ಲುತ್ತೀರಿ ಅನ್ನುವ ಪ್ರಶ್ನೆ ತಿರುಗಿ ತಿರುಗಿ ಬರುತ್ತದೆ. ನಾನು ಕೆಲವು ವರ್ಷ ಕಾಡಿನ ಮರ ಲೆಕ್ಕ ಹಾಕುವ ತಂಡಗಳ ಜೊತೆ ತಿರುಗಿದವನು. ಆಗ ಮಾಡಿದ ತಪ್ಪುಗಳೇ ಈಗ ಮಾತಾಡುವಷ್ಟು ಬಂಡವಾಳ ಕೊಟ್ಟಿವೆ.

ಎತ್ತರದಿಂದ ಶುರು ಮಾಡುವ. ಮನೆಯ ಹಿಡಿಸೂಡಿಯಿಂದ ಒಂದು ದಪ್ಪ, ನೆಟ್ಟಗಿನ ಕಡ್ಡಿ ಎಳೆದುಕೊಳ್ಳಿ. ಕೈಯನ್ನು ಮುಂದಕ್ಕೆ ಚಾಚಿ ಮುಷ್ಟಿಯಲ್ಲಿ ಕಡ್ಡಿಯನ್ನು ನೆಟ್ಟಗೆ ಹಿಡಿಯಿರಿ. ಕಣ್ಣಿನಿಂದ ಮುಷ್ಟಿಗೆ ಎಷ್ಟು ದೂರವೋ, ಮುಷ್ಟಿಯ ಮೇಲೆ ಕಡ್ಡಿ ಅಷ್ಟೇ ಉದ್ದ ಇರಬೇಕು. ಹೆಚ್ಚಾಗಿದ್ದನ್ನು ಮುರಿದುಬಿಡಿ. ಈಗ ಒಂದು ಕಣ್ಣು ಮುಚ್ಚಿ, ಮರವನ್ನು ನೋಡುತ್ತ ಹಿಂದಕ್ಕೆ ಸರಿಯುತ್ತ ಹೋಗಿ. ಕಡ್ಡಿಯ ತುದಿ ಮರದ ತುದಿಗೆ, ಮುಷ್ಟಿಯ ಅಂಚು ಮರದ ಬುಡಕ್ಕೆ ಕೂತ ಕೂಡಲೇ ನಿಲ್ಲಿ. ನಿಮ್ಮ ಕಾಲಿನಿಂದ ಮರದ ಬುಡದವರೆಗೆ ಟೇಪು ಹಿಡಿಯಿರಿ. ಆ ದೂರವೇ ಮರದ ಎತ್ತರ. ಕಡ್ಡಿ ಮತ್ತು ಕೈ ಸೇರಿ ಒಂದು ಸಣ್ಣ ತ್ರಿಕೋನ, ಮರ ಮತ್ತು ನೆಲ ಸೇರಿ ಅದೇ ಆಕಾರದ ದೊಡ್ಡ ತ್ರಿಕೋನ. ಎಂಟನೇ ಕ್ಲಾಸಿನ ಮಕ್ಕಳಿಗೆ ಇದನ್ನು ಹಲಗೆಯ ಮೇಲೆ ಬರೆಯುವ ಬದಲು ಶಾಲೆಯ ತೆಂಗಿನ ಮರದ ಕೆಳಗೆ ಮಾಡಿಸಿ ಅಂತ ಶಿಕ್ಷಕರಲ್ಲಿ ನನ್ನ ಕೋರಿಕೆ. ಅಡಿಕೆ ತೋಟದಲ್ಲಿ ಮಾತ್ರ ಹುಷಾರು. ಮರದ ತುದಿ ನೋಡುತ್ತ ಹಿಂದೆ ಹಿಂದೆ ಹೋದರೆ ಕಣಿಗೆ ಬೀಳುವುದು ಗ್ಯಾರಂಟಿ. ನಾನು ಬಿದ್ದಿದ್ದೇನೆ.

ಈ ಲೆಕ್ಕ ನೆಲ ಸಮ ಇದ್ದರೆ ಮಾತ್ರ. ನಮ್ಮ ಊರಲ್ಲಿ ಸಮ ನೆಲ ಎಲ್ಲಿ ಉಂಟು? ಗುಡ್ಡ, ಇಲ್ಲದಿದ್ದರೆ ಗದ್ದೆ. ಗುಡ್ಡಕ್ಕೆ ಕೋನ ಅಳೆಯುವ ಸಾಧನ ಬೇಕಾಗುತ್ತದೆ. ಕ್ಲೈನೋಮೀಟರ್ ಅನ್ನುತ್ತಾರೆ. ಫಿನ್‌ಲ್ಯಾಂಡಿನ ಸುಂಟೊ ಕಂಪನಿಯದ್ದು ಕಾಡಿನವರ ಕೈಯಲ್ಲಿ ಜಾಸ್ತಿ ಕಾಣುತ್ತದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಒಂದು ಕಣ್ಣಲ್ಲಿ ಮರ ಕಾಣುತ್ತದೆ, ಇನ್ನೊಂದರಲ್ಲಿ ಒಳಗಿನ ಸ್ಕೇಲು ಕಾಣುತ್ತದೆ. ಎರಡೂ ಕಣ್ಣು ತೆರೆದಿದ್ದರೆ ಸ್ಕೇಲಿನ ಗೆರೆ ಮರದ ಮೇಲೇ ಎಳೆದ ಹಾಗೆ ಇರುತ್ತದೆ. ಅದು ಇಲ್ಲದವರು ಶಾಲೆಯ ಕೋನಮಾಪಕದ ನಡುವೆ ನೂಲು ಕಟ್ಟಿ, ನೂಲಿಗೊಂದು ನಟ್ಟು ನೇತುಹಾಕಿ, ನೇರ ಅಂಚಿಗೆ ಜ್ಯೂಸ್ ಕುಡಿಯುವ ಸ್ಟ್ರಾ ಅಂಟಿಸಿದರೆ ಆಯ್ತು.

ಲೆಕ್ಕ ಹೀಗೆ. ಮರದಿಂದ 20 ಮೀಟರ್ ದೂರದಲ್ಲಿ ನಿಂತಿದ್ದೀರಿ ಅಂತಿಟ್ಟುಕೊಳ್ಳಿ. ತುದಿ ನೋಡಿದಾಗ ಶೇಕಡಾ ಸ್ಕೇಲು, ಅಂದರೆ 100 ಮೀಟರ್ ದೂರಕ್ಕೆ ಎಷ್ಟು ಮೀಟರ್ ಎತ್ತರ ಅಂತ ಹೇಳುವ ಸ್ಕೇಲು, 60 ತೋರಿಸಿತು. ಬುಡ ನಿಮ್ಮ ಕಣ್ಣಿಗಿಂತ ಕೆಳಗಿದೆ, ಅಲ್ಲಿ 8 ತೋರಿಸಿತು. ಎರಡನ್ನೂ ಕೂಡಿ, 68. 20 ಮೀಟರಿನ ಶೇಕಡಾ 68 ಅಂದರೆ 13.6 ಮೀಟರ್. ಮರದ ಬುಡವೇ ನಿಮ್ಮ ಕಣ್ಣಿಗಿಂತ ಮೇಲಿದ್ದರೆ, ಅಂದರೆ ನೀವು ಗುಡ್ಡದ ಕೆಳಗೆ ನಿಂತಿದ್ದರೆ, ಕೂಡುವ ಬದಲು ಕಳೆಯಬೇಕು. ಆ 20 ಮೀಟರನ್ನು ಅಡ್ಡಕ್ಕೆ, ಮಟ್ಟವಾಗಿ ಅಳೆಯಬೇಕು. ಇಳಿಜಾರಿನ ಮೇಲೆ ಟೇಪು ಎಳೆದರೆ ಆ ಲೆಕ್ಕ ಬೇರೆಯಾಗುತ್ತದೆ.

ಎಲ್ಲಿ ನಿಲ್ಲಬೇಕು ಅಂದೆನಲ್ಲ, ಈಗ ಅದಕ್ಕೆ ಬರುವ. ಮರದ ಎತ್ತರದಷ್ಟಾದರೂ ದೂರ ಹೋಗಿ. ಮಲ್ಪೆಯಲ್ಲಿ, ಪಡುಕೆರೆಯಲ್ಲಿ ತೆಂಗಿನ ಮರಗಳು ಸಮುದ್ರದ ಕಡೆ ಬಾಗಿರುವುದನ್ನು ನೋಡಿದ್ದೀರಲ್ವಾ? ಒಂದು ಮರದ ತುದಿ ನೆಲದಿಂದ 18 ಮೀಟರ್ ಎತ್ತರದಲ್ಲಿದೆ, ಆದರೆ 2 ಮೀಟರ್ ನಿಮ್ಮ ಕಡೆಗೆ ವಾಲಿದೆ. ನೀವು ಬುಡದಿಂದ 20 ಮೀಟರ್ ದೂರ ಇದ್ದೀರಿ. ತುದಿ ಮಾತ್ರ ನಿಮಗೆ 18 ಮೀಟರ್ ದೂರದಲ್ಲೇ ಇದೆ. ನಿಮ್ಮ ಸಾಧನಕ್ಕೆ ಅದು ಗೊತ್ತಿಲ್ಲ. ಅದು ಮರವನ್ನು ಹತ್ತಿರ ಹತ್ತಿರ 20 ಮೀಟರ್ ಅಂತ ಹೇಳುತ್ತದೆ. ಎದುರು ಬದಿಗೆ ಹೋಗಿ ನಿಂತರೆ ಅದೇ ಮರ 16.4 ಆಗುತ್ತದೆ. ಒಂದೇ ಮರ, ಒಂದೇ ಸಾಧನ, ಮೂರೂವರೆ ಮೀಟರ್ ವ್ಯತ್ಯಾಸ! ಮರ ಎಡಕ್ಕೋ ಬಲಕ್ಕೋ ವಾಲಿದ ಹಾಗೆ ಕಾಣುವ ಬದಿಯಲ್ಲಿ ನಿಂತರೆ ಈ ರಗಳೆ ಇಲ್ಲ.

ಹಳೆಯ ಮಾವಿನ ಮರದ್ದು ಇನ್ನೊಂದು ರಗಳೆ. ಹತ್ತಿರದಿಂದ ತುದಿ ಅಂತ ನಮಗೆ ಕಾಣುವುದು ನಮ್ಮ ಕಡೆಗೆ ಚಾಚಿದ ಗೆಲ್ಲಿನ ಎಲೆ. ನಿಜವಾದ ನೆತ್ತಿ ಅದರ ಹಿಂದೆ ಅಡಗಿರುತ್ತದೆ. ಹೀಗೆ ಮಾಡಿದರೆ ಎತ್ತರ ಸಾಮಾನ್ಯವಾಗಿ ಜಾಸ್ತಿಯೇ ಬರುತ್ತದೆ, ಕಮ್ಮಿ ಬರುವುದು ಅಪರೂಪ. ದೂರ ಹೋಗಿ, ಎರಡು ಬದಿಯಿಂದ ನೋಡಿ.

ದಪ್ಪಕ್ಕೆ ಬರುವ. ಮರದ ದಪ್ಪ ಅಳೆಯುವುದು ಬುಡದಲ್ಲಿ ಅಲ್ಲ, ಎದೆಮಟ್ಟದಲ್ಲಿ. ನಮ್ಮ ದೇಶದಲ್ಲಿ ಅದು ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ. ಯುರೋಪಿನಲ್ಲಿ 1.3 ಮೀಟರ್ ಹಿಡಿಯುತ್ತಾರೆ. ಅಷ್ಟು ಎತ್ತರ ನಿಮ್ಮ ಅಂಗಿಯ ಎಷ್ಟನೇ ಗುಂಡಿಗೆ ಬರುತ್ತದೆ ಅಂತ ಮನೆಯಲ್ಲಿ ಒಂದು ಸಲ ನೋಡಿಟ್ಟುಕೊಂಡರೆ ಮತ್ತೆ ಅಳೆಯುವ ಕೆಲಸ ಇಲ್ಲ. ಗುಡ್ಡದಲ್ಲಾದರೆ ಮೇಲಿನ ಬದಿಯಲ್ಲಿ ನಿಂತು ಅಳೆಯಬೇಕು. ಟೇಪು ಸುತ್ತಿ, ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆ.

ಇಲ್ಲಿ ಒಬ್ಬ ಟೀಚರ್ ಎದ್ದು ಕೇಳಿದರು: "ನಮ್ಮ ನಾಗಬನದಲ್ಲಿ ಭಾರಿ ದೊಡ್ಡ ಮರಗಳು ಉಂಟು ಸರ್. ಆದರೆ ಒಳಗೆ ಹೋಗುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ. ಆಗ ಎಂತ ಮಾಡುವುದು?"

ಒಳ್ಳೆಯ ಪ್ರಶ್ನೆ. ಮುಟ್ಟದೆ ಅಳೆಯುವುದೇ ಕಣ್ಣಳತೆಯ ಸಾಧನಗಳ ದೊಡ್ಡ ಗುಣ. ಮನೆಯ ಹಿರಿಯರನ್ನು ಕೇಳಿ, ಅವರು ಸರಿ ಅಂದರೆ ಹೊರಗಿನ ಕಟ್ಟೆಯ ಹತ್ತಿರ ನಿಲ್ಲಿ. ಮಿಲಿಮೀಟರ್ ಸ್ಕೇಲನ್ನು ಕಣ್ಣಿನಿಂದ 60 ಸೆಂಟಿಮೀಟರ್ ದೂರದಲ್ಲಿ ಅಡ್ಡ ಹಿಡಿಯಿರಿ. ಎದೆಮಟ್ಟದಲ್ಲಿ ಕಾಂಡ ಸ್ಕೇಲಿನ ಮೇಲೆ 3 ಸೆಂಟಿಮೀಟರ್ ಅಗಲ ಕಂಡಿತು, ಮರ 15 ಮೀಟರ್ ದೂರ ಇದೆ ಅಂತಿಟ್ಟುಕೊಳ್ಳಿ. 3ನ್ನು 60ರಿಂದ ಭಾಗಿಸಿ 15ರಿಂದ ಗುಣಿಸಿದರೆ 0.75. ಮರ ಸುಮಾರು 75 ಸೆಂಟಿಮೀಟರ್ ದಪ್ಪ. ಟೇಪಿನಷ್ಟು ನಿಖರ ಅಲ್ಲ, ಸ್ಕೇಲು ಹಿಡಿದ ಕೈ ನಡುಗಿದರೆ ಒಂದೆರಡು ಸೆಂಟಿಮೀಟರ್ ಆಚೀಚೆ ಆಗುತ್ತದೆ. ಆದರೂ ಪರವಾಗಿಲ್ಲ. ಈಗ ಅದು 75 ಅಂತ ಬರೆದಿಟ್ಟರೆ, ಇಪ್ಪತ್ತು ವರ್ಷ ಬಿಟ್ಟು ನಿಮ್ಮ ಮಗಳು ಅದೇ ಕಟ್ಟೆಯ ಹತ್ತಿರ ನಿಂತು ನೋಡಬಹುದಲ್ಲ.

ಇಷ್ಟು ಹೊತ್ತು ಒಂದು ಮರದ ಸಂಗತಿ ಆಯ್ತು. ಕಾಡಿನಲ್ಲಿ ಸಾವಿರ ಮರ. ಅವನ್ನೆಲ್ಲ ಯಾರು ಸುತ್ತಿ ಅಳೆಯುತ್ತಾರೆ?

ಬರ್ಮಾದ ಪೆಗು ಪ್ರದೇಶದ ತೇಗದ ಕಾಡುಗಳ ಹೊಣೆ 1856ರಲ್ಲಿ ಡೀಟ್ರಿಚ್ ಬ್ರಾಂಡಿಸ್ ಅವರಿಗೆ ಬಂತು. ಅವರು ಆನೆಯ ಮೇಲೆ ಕೂತು ಕಾಡು ಹಾಯುತ್ತ ಮರಗಳನ್ನು ಎಣಿಸುತ್ತಿದ್ದರು. ಕೈಯಲ್ಲಿ ಕೋಲುಗಳು, ದಪ್ಪದ ಒಂದೊಂದು ದರ್ಜೆಗೆ ಒಂದೊಂದು. ಮರ ಕಂಡ ಹಾಗೆ ಚಾಕುವಿನಿಂದ ಆಯಾ ಕೋಲಿಗೆ ಒಂದು ಕಚ್ಚು. ಪೆನ್ನು ಕಾಗದ ಮಳೆಗೆ ಹಾಳಾಗುವ ಜಾಗದಲ್ಲಿ ಇದಕ್ಕಿಂತ ಒಳ್ಳೆಯ ನೋಟ್‌ಬುಕ್ ಇಲ್ಲ. 1864ರಲ್ಲಿ ಅವರೇ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದರು. ಆಮೇಲೆ ಬಂದದ್ದು ಪ್ಲಾಟ್ ಪದ್ಧತಿ. ಕಾಡಿನಲ್ಲಿ ಒಂದು ತುಂಡು ಜಾಗ ಗುರುತು ಮಾಡಿ, ಅದರೊಳಗಿನ ಪ್ರತಿ ಮರವನ್ನೂ ಅಳೆಯುವುದು. ಒಂದು ಹೆಕ್ಟೇರಿನ ಹತ್ತನೇ ಒಂದು ಭಾಗದ ದುಂಡು ಪ್ಲಾಟ್ ಅಂದರೆ 17.84 ಮೀಟರ್ ತ್ರಿಜ್ಯ. ನಮ್ಮ ಘಟ್ಟದ ಬೆತ್ತದ ಪೊದೆಯಲ್ಲಿ, ಇಂಬಳ ಹತ್ತಿಸಿಕೊಂಡು ಆ ಸುತ್ತು ಹಾಕುವಷ್ಟರಲ್ಲಿ ಸಾಕೋ ಸಾಕಾಗುತ್ತದೆ.

1948ರಲ್ಲಿ ಆಸ್ಟ್ರಿಯಾದ ಅರಣ್ಯಾಧಿಕಾರಿ ವಾಲ್ಟರ್ ಬಿಟರ್ಲಿಕ್ ಒಂದು ಉಪಾಯ ಪ್ರಕಟಿಸಿದರು. ಓದಿದಾಗ ನನಗೆ ಇದು ಮೋಸ ಅಂತಲೇ ಅನ್ನಿಸಿತ್ತು. ಏನೂ ಅಳೆಯಬೇಡಿ, ಪ್ಲಾಟಿನ ಗಡಿ ಹಾಕಬೇಡಿ, ಒಂದೇ ಜಾಗದಲ್ಲಿ ನಿಂತು ಒಂದು ಸುತ್ತು ತಿರುಗಿ, ಮರಗಳನ್ನು ಸುಮ್ನೆ ಎಣಿಸಿ ಅಂದರು.

ಮಾಡುವುದು ಹೀಗೆ. ಹಳೆಯ ಎಟಿಎಂ ಕಾರ್ಡಿನ ಅಂಚಿನಲ್ಲಿ ಸರಿಯಾಗಿ 1 ಸೆಂಟಿಮೀಟರ್ ಅಗಲದ ಒಂದು ಕಿಂಡಿ ಕತ್ತರಿಸಿ. ಕಾರ್ಡಿಗೊಂದು ತೂತು ಹಾಕಿ 50 ಸೆಂಟಿಮೀಟರ್ ಸರಪಳಿ ಕಟ್ಟಿ. ಸರಪಳಿಯ ಇನ್ನೊಂದು ತುದಿಯನ್ನು ಕಣ್ಣಿನ ಕೆಳಗಿನ ಕೆನ್ನೆಯ ಮೂಳೆಗೆ ಒತ್ತಿ ಹಿಡಿದು, ಕಾರ್ಡನ್ನು ಬಿಗಿಯಾಗಿ ಮುಂದೆ ಚಾಚಿ, ಕಿಂಡಿಯಿಂದ ಸುತ್ತಲಿನ ಒಂದೊಂದೇ ಮರದ ಎದೆಮಟ್ಟ ನೋಡಿ. ಕಾಂಡ ಕಿಂಡಿಗಿಂತ ಅಗಲ ಕಂಡರೆ ಎಣಿಸಿ. ಸಪೂರ ಕಂಡರೆ ಬಿಟ್ಟುಬಿಡಿ. ಒಂದು ಸುತ್ತು ಮುಗಿದಾಗ 24 ಮರ ಆಯ್ತು ಅಂದುಕೊಳ್ಳಿ. ಅಲ್ಲಿಗೆ ಆ ಕಾಡಿನಲ್ಲಿ ಹೆಕ್ಟೇರಿಗೆ 24 ಚದರ ಮೀಟರ್ ಮರ ನಿಂತಿದೆ ಅಂತ ಲೆಕ್ಕ.

ಮರ ಚದರ ಮೀಟರಿನಲ್ಲಿ ಹೇಗೆ ನಿಲ್ಲುತ್ತದೆ? ಒಂದು ಹೆಕ್ಟೇರಿನ ಎಲ್ಲ ಮರಗಳನ್ನೂ ಎದೆಮಟ್ಟದಲ್ಲಿ ಅಡ್ಡ ಕೊಯ್ದೆವು ಅಂದುಕೊಳ್ಳಿ. ಅಂದುಕೊಳ್ಳುವುದು ಮಾತ್ರ, ಕೊಯ್ಯುವುದು ಬೇಡ. ಆಗ ಮೇಲಿನಿಂದ ಕಾಣುವ ದುಂಡು ಮುಖಗಳೆಲ್ಲ ಸೇರಿದರೆ ಎಷ್ಟು ಜಾಗವೋ ಅದು. ಬೇಸಲ್ ಏರಿಯಾ ಅನ್ನುತ್ತಾರೆ.

ಈಗ ಎಣಿಕೆ ಹೇಗೆ ಅಳತೆಯಾಯ್ತು ನೋಡುವ. ಯಕ್ಷಗಾನದ ರಾತ್ರಿ ದೂರದ ಗದ್ದೆಯ ಬದುವಿನಲ್ಲಿ ನಿಂತರೆ ಚೆಂಡೆ ಕೇಳುತ್ತದೆ. ಸ್ವಲ್ಪ ಹತ್ತಿರ ಹೋದರೆ ಮದ್ದಳೆಯೂ ಕೇಳುತ್ತದೆ. ತಾಳ ಕೇಳಬೇಕಾದರೆ ಚಪ್ಪರದ ಹತ್ತಿರವೇ ಬರಬೇಕು. ಒಂದೊಂದಕ್ಕೂ ಅದರದ್ದೇ ಒಂದು ಗಡಿ. ಮರವೂ ಹಾಗೆ. 1 ಸೆಂಟಿಮೀಟರಿಗೆ 50 ಸೆಂಟಿಮೀಟರ್ ಅಂದರೆ ಪ್ರತಿ ಮರವೂ ತನ್ನ ದಪ್ಪದ 50 ಪಟ್ಟು ದೂರದವರೆಗೆ ಕಿಂಡಿ ತುಂಬುತ್ತದೆ. 40 ಸೆಂಟಿಮೀಟರ್ ದಪ್ಪದ ತೇಗ 20 ಮೀಟರ್ ದೂರದವರೆಗೆ "ಕೇಳುತ್ತದೆ", 10 ಸೆಂಟಿಮೀಟರಿನ ಅಕೇಶಿಯಾ 5 ಮೀಟರಿನವರೆಗೆ ಮಾತ್ರ. ಮರದ ಸುತ್ತ ಆ ಗಡಿಯ ವೃತ್ತ ಎಳೆದರೆ, ಮರದ ದುಂಡು ಮುಖ ಆ ವೃತ್ತದ 10,000ದಲ್ಲಿ ಒಂದು ಪಾಲು. ದಪ್ಪ ಮರವಾದರೂ ಅಷ್ಟೇ, ಸಪೂರ ಮರವಾದರೂ ಅಷ್ಟೇ. ಒಂದು ಹೆಕ್ಟೇರಿನಲ್ಲಿ 10,000 ಚದರ ಮೀಟರ್ ಇದೆ. ಹಾಗಾಗಿ ನಿಮ್ಮನ್ನು ತನ್ನ ವೃತ್ತದೊಳಗೆ ಹಿಡಿದ ಒಂದೊಂದು ಮರಕ್ಕೂ ಹೆಕ್ಟೇರಿಗೆ 1 ಚದರ ಮೀಟರ್. ಸೆಂಟ್ಸಿನಲ್ಲಿ ಯೋಚಿಸುವವರಿಗೆ, ಒಂದು ಮರ ಅಂದರೆ ಎಕರೆಗೆ ಒಂದು ಸೆಂಟ್ಸಿನ ನೂರರಲ್ಲಿ ಒಂದು ಪಾಲು, ಸುಮಾರು 4.36 ಚದರ ಅಡಿ.

ಕಾರ್ಡು ಇಲ್ಲದಿದ್ದರೆ ಹತ್ತು ರೂಪಾಯಿ ನಾಣ್ಯ ತೆಗೆಯಿರಿ. ಅದರ ಅಗಲ 27 ಮಿಲಿಮೀಟರ್. ಕಣ್ಣಿನಿಂದ 67.5 ಸೆಂಟಿಮೀಟರ್ ದೂರ, ಹೆಚ್ಚು ಕಮ್ಮಿ ಒಂದು ಚಾಚಿದ ಕೈ, ಅಷ್ಟು ದೂರದಲ್ಲಿ ಹಿಡಿದು, ನಾಣ್ಯದ ಹಿಂದೆ ಪೂರ್ತಿ ಮರೆಯಾಗದ ಮರಗಳನ್ನು ಎಣಿಸಿ. ಇಲ್ಲಿ ಅನುಪಾತ 1ಕ್ಕೆ 25. ಹಾಗಾಗಿ ಎಣಿಸಿದ ಪ್ರತಿ ಮರಕ್ಕೂ 4 ಚದರ ಮೀಟರ್. ದಪ್ಪ ಮರಗಳು ಒತ್ತಾಗಿರುವ ಕಾಡಿಗೆ ಇದೇ ವಾಸಿ.

ಇನ್ನು ಗಾಜಿನ ಚೂರು. ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು ಇರುವ ಪ್ರಿಸಂ. ಅದರ ಮೂಲಕ ನೋಡಿದರೆ ಕಾಂಡದ ಒಂದು ತುಂಡು ಪಕ್ಕಕ್ಕೆ ಸರಿದ ಹಾಗೆ ಕಾಣುತ್ತದೆ. ಸರಿದ ತುಂಡು ಮೂಲ ಕಾಂಡಕ್ಕೆ ಇನ್ನೂ ಅಂಟಿಕೊಂಡಿದ್ದರೆ ಎಣಿಸಿ, ಪೂರ್ತಿ ಬಿಟ್ಟು ಹೋಗಿದ್ದರೆ ಬೇಡ. ಕಣ್ಣಿನ ಡಾಕ್ಟರ್ ಮೆಳ್ಳೆಗಣ್ಣು ಪರೀಕ್ಷೆಗೆ ಇಟ್ಟುಕೊಳ್ಳುವ ಪ್ರಿಸಂ ಕೂಡ ಇದೇ ಜಾತಿ. 1 ಡಯಾಪ್ಟರ್ ಪ್ರಿಸಂ 1 ಮೀಟರ್ ದೂರದ ವಸ್ತುವನ್ನು 1 ಸೆಂಟಿಮೀಟರ್ ಸರಿಸುತ್ತದೆ. 2 ಡಯಾಪ್ಟರ್ ಆದರೆ ನಮ್ಮ ಎಟಿಎಂ ಕಾರ್ಡಿಗೆ ಸಮ.

ಕಾರ್ಡಿಗೂ ಪ್ರಿಸಂಗೂ ಒಂದು ಮುಖ್ಯ ವ್ಯತ್ಯಾಸ ಉಂಟು. ಕಾರ್ಡು ಹಿಡಿದರೆ ನಿಮ್ಮ ಕಣ್ಣು ಎಣಿಕೆಗೆ ಗುರುತು ಮಾಡಿದ ಬಿಂದುವಿನ ಮೇಲೆ ಇರಬೇಕು. ಪ್ರಿಸಂ ಹಿಡಿದರೆ ಗಾಜು ಆ ಬಿಂದುವಿನ ಮೇಲೆ ಇರಬೇಕು, ನೀವು ಅದರ ಸುತ್ತ ತಿರುಗಬೇಕು. ಹೊಸಬರು ಗಾಜು ಹಿಡಿದು ತಾವೇ ಬುಗುರಿಯ ಹಾಗೆ ತಿರುಗುತ್ತಾರೆ. ಆಗ ಗಾಜು ಒಂದು ವೃತ್ತದಲ್ಲಿ ಸುತ್ತುತ್ತದೆ, ಅಂಚಿನ ಮರಗಳ ಲೆಕ್ಕ ತಪ್ಪುತ್ತದೆ.

ನನ್ನ ತಪ್ಪಿನ ಕತೆ ಹೇಳುತ್ತೇನೆ ಅಂದಿದ್ದೆ. ಒಂದು ಜೂನ್ ತಿಂಗಳು ತೇಗದ ನೆಡುತೋಪಿನಲ್ಲಿ ಎರಡು ದಿನ ಎಣಿಸಿದೆವು. ನನ್ನ ಕಾರ್ಡಿಗೆ ಆಗ ಸರಪಳಿ ಇರಲಿಲ್ಲ, ಹತ್ತಿಯ ಹುರಿ. ಎರಡನೇ ದಿನದ ಎಣಿಕೆ ಎಲ್ಲ ಕಡೆ ಒಂದೆರಡು ಕಮ್ಮಿ ಬರತೊಡಗಿತು. ಜೊತೆಗಿದ್ದವರು ಮರ ಕಳ್ಳತನ ಆಗಿರಬೇಕು ಅಂತಲೂ ಅಂದರು! ಸಂಜೆ ಸುಮ್ನೆ ಹುರಿ ಅಳೆದು ನೋಡಿದರೆ 48 ಸೆಂಟಿಮೀಟರ್. ಬಟ್ಟೆ ಒಣಗಿಸುವ ಹಗ್ಗ ಮಳೆಗೆ ಬಿಗಿಯುತ್ತದಲ್ಲ, ಹಾಗೆ ನೀರು ಕುಡಿದು ಗಿಡ್ಡ ಆಗಿತ್ತು. ಎರಡು ಸೆಂಟಿಮೀಟರಿಗೆ 24 ಮರ ಇರಬೇಕಾದಲ್ಲಿ 22 ಬರುತ್ತದೆ. ಎರಡು ದಿನದ ಕೆಲಸ ನೀರಿಗೆ ಹೋಯಿತು. ಅಂದಿನಿಂದ ಬೀಗದ ಕೈ ಗೊಂಚಲಿನ ತೆಳು ಸರಪಳಿಯೇ ಗತಿ.

ಎಲ್ಲದಕ್ಕಿಂತ ದೊಡ್ಡ ತಪ್ಪು ಕಾಲಿನದ್ದು. ನಿಲ್ಲುವ ಬಿಂದುವನ್ನು ಮೊದಲೇ ನಕ್ಷೆಯ ಮೇಲೆ ಗುರುತು ಮಾಡಿರುತ್ತೇವೆ. ಅಲ್ಲಿಗೆ ಹೋದರೆ ಲಂಟಾನ ಪೊದೆ. ಹತ್ತು ಹೆಜ್ಜೆ ಆಚೆ ತೆರವು ಜಾಗ, ನೆರಳೂ ಉಂಟು. ಕಾಲು ತಾನಾಗಿ ಅತ್ತ ಹೋಗುತ್ತದೆ. ಹೀಗೆ ಇಪ್ಪತ್ತು ಸಲ ಹೋದರೆ ನೀವು ಅಳೆದದ್ದು ಕಾಡಿನೊಳಗಿನ ತೆರವು ಜಾಗಗಳನ್ನು. ದಾರಿ ಬದಿಯಲ್ಲೇ ಎಣಿಸಿದವರ ಲೆಕ್ಕವೂ ಅಷ್ಟೇ. ಬಿಂದು ಪೊದೆಯಲ್ಲಿ ಬಿದ್ದರೆ ಕತ್ತಿಯಿಂದ ಒಂದು ಕಂಡಿ ಬಿಡಿಸಿ ಅಲ್ಲೇ ನಿಲ್ಲಬೇಕು. ಒಂದು ಮರದ ಹಿಂದೆ ಇನ್ನೊಂದು ಅಡಗಿದ್ದರೆ, ಅಡಗಿದ ಮರಕ್ಕೆ ಅಷ್ಟೇ ದೂರ ಇಟ್ಟುಕೊಂಡು ಪಕ್ಕಕ್ಕೆ ಸರಿದು ನೋಡಿ, ಮತ್ತೆ ಬಿಂದುವಿಗೇ ವಾಪಸ್ ಬನ್ನಿ.

ಈ ಪದ್ಧತಿ ದಪ್ಪ ಮರಗಳ ಪಕ್ಷಪಾತಿ ಅನ್ನುವುದನ್ನೂ ಹೇಳಬೇಕು. ಎಣಿಕೆಗೆ ಸಿಕ್ಕ 40 ಸೆಂಟಿಮೀಟರಿನ ಒಂದು ಮರ ಹೆಕ್ಟೇರಿಗೆ ಅಂಥ ಸುಮಾರು 8 ಮರಗಳ ಪರವಾಗಿ ನಿಲ್ಲುತ್ತದೆ. 10 ಸೆಂಟಿಮೀಟರಿನ ಒಂದು ಗಿಡ 127 ಗಿಡಗಳ ಪರವಾಗಿ! ಅಂಥ ಒಂದು ಗಿಡ ತಪ್ಪಿದರೆ ಎಷ್ಟು ಲೆಕ್ಕ ತಪ್ಪಿತು ನೋಡಿ. ಧೂಪದ ಸಸಿ, ಬೋಗಿಯ ಸಸಿ ಎಷ್ಟು ಹುಟ್ಟಿವೆ ಅಂತ ತಿಳಿಯಬೇಕಾದರೆ ಮಂಡಿಯೂರಿ, ಸಣ್ಣ ಪ್ಲಾಟ್ ಹಾಕಿಯೇ ಎಣಿಸಬೇಕು. ಕಾಡಿನಲ್ಲಿ ಒಟ್ಟು ಎಷ್ಟು ಮರಮುಟ್ಟು ಇದೆ ಅಂತ ತಿಳಿಯಲು ಮಾತ್ರ ಕಾರ್ಡು ಸಾಕು. 22 ಚದರ ಮೀಟರ್ ಇದೆ, ಸರಾಸರಿ ಎತ್ತರ 18 ಮೀಟರ್, ಕಾಂಡ ಮೇಲೆ ಹೋಗುತ್ತ ಸಪೂರ ಆಗುವುದಕ್ಕೆ 0.45 ಅಂತ ಹಿಡಿದು ಮೂರನ್ನೂ ಗುಣಿಸಿದರೆ ಹೆಕ್ಟೇರಿಗೆ ಸುಮಾರು 178 ಘನ ಮೀಟರ್. ಆ 0.45 ಒಂದು ಅಂದಾಜು, ಜಾತಿಯಿಂದ ಜಾತಿಗೆ ಬದಲಾಗುತ್ತದೆ.

"ಇದಕ್ಕೆಲ್ಲ ಮೊಬೈಲಲ್ಲಿ ಆ್ಯಪ್ ಇಲ್ವಾ ಸರ್?" ಹಿಂದಿನ ಸಾಲಿನ ಹುಡುಗ ಕೇಳಿದ.

ಉಂಟು. ಫೋನಿಗೆ ತಾನು ಎಷ್ಟು ವಾಲಿದ್ದೇನೆ ಅಂತ ಗೊತ್ತಾಗುತ್ತದೆ, ಹಾಗಾಗಿ ಅದು ನಮ್ಮ ನೂಲು ಕಟ್ಟಿದ ಕೋನಮಾಪಕವೇ. ಲೇಸರ್ ಸಾಧನ ದೂರವನ್ನೂ ತಾನೇ ಅಳೆಯುತ್ತದೆ. ಇದ್ದರೆ ಬಳಸಿ, ಒಳ್ಳೆಯದೇ. ಆದರೆ ವಾಲಿದ ತೆಂಗಿನ ಎದುರು ನಿಂತು, ಬುಡಕ್ಕೆ ಇರುವ ದೂರವನ್ನೇ ಹಿಡಿದರೆ ಅವೂ ಹತ್ತಿರ ಹತ್ತಿರ 20 ಮೀಟರ್ ಅಂತಲೇ ಹೇಳುತ್ತವೆ.

ಮಾತು ಸಾಕು ಅಂತ ಎಲ್ಲರನ್ನೂ ಸಭಾಂಗಣದ ಹಿಂದಿನ ಹಾಡಿಗೆ ಕರೆದುಕೊಂಡು ಹೋದೆ. ಒಂದು ಗೂಟ ನೆಟ್ಟು, ಮೂರು ಜನರಿಗೆ ಒಂದೊಂದು ಕಾರ್ಡು ಕೊಟ್ಟೆ. ಟೀಚರ್ 13 ಅಂದರು, ಹುಡುಗ 14 ಅಂದ, ತೋಟದ ಹಿರಿಯರೊಬ್ಬರು 13 ಅಂದರು. ಜಗಳ ಒಂದೇ ಮರದ್ದು, ಬೇಲಿಯ ಹತ್ತಿರದ ಒಂದು ನೇರಳೆ. ಕಿಂಡಿಗೆ ಸರಿಯಾಗಿ ಕೂತಿತ್ತು, ಒಂದು ಕೂದಲೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಇಂಥ ಮರಕ್ಕೆ ಟೇಪು ತೆಗೆಯಲೇಬೇಕು. ಸುತ್ತಳತೆ 119 ಸೆಂಟಿಮೀಟರ್. ಅಂದರೆ ವ್ಯಾಸ 37.88, ಅದರ 50 ಪಟ್ಟು 18.94 ಮೀಟರ್. ಅದು ಆ ಮರದ ಗಡಿ. ಹುಡುಗ ಗೂಟದಿಂದ ಮರದ ತೊಗಟೆಯವರೆಗೆ ಟೇಪು ಎಳೆದ. 18.80.

"ಒಳಗೆ!" ಅಂತ ಕೂಗಿದ.

ತೋಟದ ಹಿರಿಯರು ಟೇಪು ಹಿಡಿದುಕೊಂಡೇ ನಿಂತಿದ್ದರು. "ತೊಗಟೆವರೆಗೆ ಅಳೆದದ್ದಲ್ವಾ ಮಾರಾಯ? ಮರದ ನಡು ಎಲ್ಲುಂಟು?" ಅಂದರು. ಅರ್ಧ ದಪ್ಪ, 19 ಸೆಂಟಿಮೀಟರ್, ಕೂಡಿಸಿದೆವು. 18.99. ಐದು ಸೆಂಟಿಮೀಟರ್ ಹೊರಗೆ.

ಹುಡುಗ ತನ್ನ ಚೀಟಿಯಲ್ಲಿ 14 ಹೊಡೆದು 13 ಬರೆದ.